ಉಪವಾಸದ ರಾಣಿ, ಲೆಕ್ಕದ ರಾಣಿ: ವೇರೂಳಿನಲ್ಲಿ ಕಂಡ ಹೆಣ್ಣಾಳಿಕೆ

ವೇರೂಳಿಗೆ ಹೋದ ಕನ್ನಡಿಗರು ಸಾಮಾನ್ಯವಾಗಿ ಎರಡು ಗುಡಿಗಳನ್ನು ನೋಡಿ ಬರುತ್ತಾರೆ. ಒಂದು, ಬೆಟ್ಟವನ್ನು ಮೇಲಿನಿಂದ ಕೊರೆದು ಇಳಿಸಿದ ಕೈಲಾಸ ದೇವಾಲಯ. 34 ಗುಹೆಗಳ ಸಾಲಿನಲ್ಲಿ ಅದು 16ನೆಯದು. ಇನ್ನೊಂದು, ಅಲ್ಲಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಕೆಂಗಲ್ಲಿನಲ್ಲಿ ಎದ್ದುನಿಂತ ಘೃಷ್ಣೇಶ್ವರ ಜ್ಯೋತಿರ್ಲಿಂಗ. ಛತ್ರಪತಿ ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್. ನಾಸಿಕದಿಂದ ಬರುವವರಿಗೆ ಅರ್ಧ ದಿನದ ದಾರಿ. ಮೊದಲನೆಯ ಗುಡಿಯ ಮುಂದೆ ನಿಂತು ನಾವು ರಾಷ್ಟ್ರಕೂಟರ ಒಂದನೆಯ ಕೃಷ್ಣನನ್ನು ನೆನೆಯುತ್ತೇವೆ, ಇದು ನಮ್ಮವರ ಕೆಲಸವೆಂದು ಮಕ್ಕಳಿಗೆ ಹೇಳುತ್ತೇವೆ. ಎರಡನೆಯದರ ಮುಂದೆ ನಮ್ಮ ಮರಾಠಿ ನೆರೆಯವರು ಅಹಲ್ಯಾಬಾಯಿ ಹೋಳ್ಕರರನ್ನು ನೆನೆಯುತ್ತಾರೆ. ಎರಡೂ ಅಭಿಮಾನಗಳು ಸಹಜವೇ. ಆದರೆ ಎರಡು ಗುಡಿಗಳನ್ನು ಒಂದೇ ನಡಿಗೆಯಲ್ಲಿ ನೋಡುವವರಿಗೆ ಇನ್ನೊಂದು ಸಂಗತಿ ಗೋಚರಿಸಬೇಕು. ಸಾವಿರ ವರ್ಷಗಳ ಅಂತರದ ಈ ಎರಡೂ ಕಟ್ಟಡಗಳ ಹಿಂದೆ, ಹಣವನ್ನೂ ಜನರನ್ನೂ ಒಪ್ಪಂದಗಳನ್ನೂ ತಮ್ಮ ಕೈಯಲ್ಲಿಟ್ಟುಕೊಂಡು ಒಂದು ನಾಡನ್ನು ಇನ್ನೊಂದು ನಾಡಿಗೆ ಬೆಸೆದ ಹೆಂಗಸರು ಇದ್ದಾರೆ.

ಅವರನ್ನು ಜನಮನಸ್ಸು ಹೇಗೆ ನೆನೆದಿದೆ ಎಂಬುದನ್ನು ಮೊದಲು ನೋಡೋಣ. ಕೈಲಾಸದ ಬಗ್ಗೆ ಮರಾಠಿಯಲ್ಲಿ ಒಂದು ಹಳೆಯ ಕಥೆಯಿದೆ. ಕೃಷ್ಣ ಯಾಜ್ಞವಲ್ಕಿಯ ‘ಕಥಾಕಲ್ಪತರು’ವಿನಲ್ಲಿ ಅದು ಬರುತ್ತದೆ. ಏಲು ಎಂಬ ರಾಜನಿಗೆ ರೋಗ ಬಂದಿತ್ತು. ಅದು ವಾಸಿಯಾದರೆ ಶಿವನಿಗೆ ಗುಡಿ ಕಟ್ಟಿಸುವುದಾಗಿ ರಾಣಿ ಮಾಣಿಕಾವತಿ ಹರಕೆ ಹೊತ್ತಳು. ಶಿಖರವನ್ನು ಕಾಣುವವರೆಗೆ ಅನ್ನ ಮುಟ್ಟುವುದಿಲ್ಲವೆಂದು ವ್ರತ ಹಿಡಿದಳು. ಗುಡಿ ಮುಗಿಯಲು ವರ್ಷಗಳು ಬೇಕು, ಅಷ್ಟರಲ್ಲಿ ರಾಣಿ ಬದುಕುವಳೇ? ಪೈಠಣದ ಕೋಕಸನೆಂಬ ಶಿಲ್ಪಿ ಮೇಲಿನಿಂದಲೇ ಕೆತ್ತತೊಡಗಿ ಶಿಖರವನ್ನು ಬೇಗನೆ ತೋರಿಸಿದ, ರಾಣಿ ಉಂಡಳು. ಘೃಷ್ಣೇಶ್ವರದ ಜನಪ್ರಿಯ ಕಥೆ ಇನ್ನೊಂದು ಬಗೆಯದು. ಸುದೇಹಾ ಮತ್ತು ಘುಷ್ಮಾ ಅಕ್ಕತಂಗಿಯರು, ಒಬ್ಬನೇ ಗಂಡನ ಹೆಂಡಿರು. ತಂಗಿಯ ಮಗನನ್ನು ಅಕ್ಕ ಹೊಟ್ಟೆಕಿಚ್ಚಿನಿಂದ ಕೊಲ್ಲುತ್ತಾಳೆ. ತಂಗಿ ಪೂಜೆ ಬಿಡದೆ ಕೂತು ಶಿವನನ್ನು ಒಲಿಸಿಕೊಂಡು ಮಗನನ್ನು ಮರಳಿ ಪಡೆಯುತ್ತಾಳೆ. ಲಿಂಗಕ್ಕೆ ಅವಳ ಹೆಸರೇ ನಿಂತಿತು ಎನ್ನುತ್ತದೆ ಕಥೆ.

ಎರಡೂ ಕಥೆಗಳಲ್ಲಿ ಗುಡಿಯ ಹುಟ್ಟಿಗೆ ಹೆಣ್ಣೇ ಕಾರಣ. ಆದರೆ ಅವಳ ಪಾಲಿಗೆ ಬಂದ ಕೆಲಸಗಳು ಯಾವುವು? ಉಪವಾಸ ಕೂರುವುದು, ಕಾಯುವುದು, ಅಳುವುದು, ಅಸೂಯೆಪಡುವುದು. ಉಳಿದುದನ್ನೆಲ್ಲ ಶಿಲ್ಪಿಯೋ ದೇವರೋ ಮಾಡುತ್ತಾರೆ. ಕಲ್ಲಿನ ಮೇಲೂ ಸನದುಗಳಲ್ಲೂ ಉಳಿದ ದಾಖಲೆ ಹೇಳುವುದು ಬೇರೆಯದನ್ನೇ.

ಆ ದಾಖಲೆಯನ್ನು ಓದಲು ವೇರೂಳಿನಿಂದ ದಕ್ಷಿಣಕ್ಕೆ, ಮಲಪ್ರಭೆಯ ದಂಡೆಯ ಪಟ್ಟದಕಲ್ಲಿಗೆ ಹೋಗಬೇಕು. ಕೈಲಾಸ ದೇವಾಲಯದ ವಿನ್ಯಾಸಕ್ಕೆ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯೇ ಮಾದರಿಯಾಯಿತೆಂಬುದು ಕಲಾ ಇತಿಹಾಸಕಾರರಲ್ಲಿ ಬಹಳ ಮಂದಿ ಒಪ್ಪುವ ಮಾತು. ಮುಂದೆ ಹೆಬ್ಬಾಗಿಲು, ನಡುವೆ ನಂದಿಮಂಟಪ, ಆಮೇಲೆ ಸಭಾಮಂಟಪ, ಅದರ ಹಿಂದೆ ದ್ರಾವಿಡ ವಿಮಾನ ಎಂಬ ಜೋಡಣೆ ಎರಡರಲ್ಲೂ ಒಂದೇ. ವಿರೂಪಾಕ್ಷವನ್ನು ಕಟ್ಟಿಸಿದವಳು ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ಪಟ್ಟದರಸಿ ಲೋಕಮಹಾದೇವಿ. ಗಂಡ ಕಂಚಿಯನ್ನು ಮೂರು ಸಲ ಗೆದ್ದುದರ ನೆನಪಿಗೆ, ಸುಮಾರು 740ರ ಹೊತ್ತಿಗೆ, ಅವಳು ಅದನ್ನು ಎತ್ತಿಸಿದಳು. ಗುಡಿಗೆ ಆಗ ಅವಳದೇ ಹೆಸರು, ಲೋಕೇಶ್ವರ. ಅವಳ ತಂಗಿ, ಅದೇ ಅರಸನ ಇನ್ನೊಬ್ಬ ರಾಣಿ, ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ತ್ರೈಲೋಕ್ಯೇಶ್ವರವನ್ನು ಕಟ್ಟಿಸಿದಳು. ಇಂದು ನಾವು ಅದನ್ನು ಮಲ್ಲಿಕಾರ್ಜುನ ಎನ್ನುತ್ತೇವೆ. ಒಬ್ಬನೇ ಗಂಡನ ಅಕ್ಕತಂಗಿಯರ ಕಥೆಯನ್ನು ಪುರಾಣ ಕೊಲೆಗೆ ಕೊಂಡೊಯ್ಯಿತು. ಪಟ್ಟದಕಲ್ಲಿನಲ್ಲಿ ಅದೇ ಸಂಬಂಧದ ಇಬ್ಬರು ಎತ್ತಿಸಿದ ಗುಡಿಗಳು ಅಕ್ಕಪಕ್ಕದಲ್ಲಿ ಇನ್ನೂ ನಿಂತಿವೆ.

ವಿರೂಪಾಕ್ಷದ ಬಾಗಿಲಲ್ಲಿರುವ ಕನ್ನಡ ಶಾಸನಗಳನ್ನು ನಾವು ಭಕ್ತಿಯ ಮಾತಿಗಾಗಿ ಓದದೆ ಆಡಳಿತದ ಮಾತಿಗಾಗಿ ಓದಬೇಕು. ಲೋಕಮಹಾದೇವಿಯ ಗುಡಿಯನ್ನು ಕಟ್ಟಿದ ಸೂತ್ರಧಾರಿ ಅನಿವಾರಿತಾಚಾರಿ ಗುಂಡ. ಅವನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದೂ ಪೆರ್ಜೆರೆಪು ಎಂಬ ಪಟ್ಟವೂ ಸಂದವು. ಇನ್ನೊಬ್ಬ ಶಿಲ್ಪಿ ಸರ್ವಸಿದ್ಧಿ ಆಚಾರಿಯ ಹೆಸರನ್ನೂ ಅಲ್ಲಿ ಕೆತ್ತಲಾಗಿದೆ. ಮಾವನಾದ ವಿಜಯಾದಿತ್ಯನು ಗಾಯಕರಿಗೆ ಕೊಟ್ಟಿದ್ದ ಸವಲತ್ತುಗಳನ್ನು ಲೋಕಮಹಾದೇವಿ ಮುಂದುವರಿಸಿ ಖಾತರಿಪಡಿಸಿದಳೆಂದೂ ಒಂದು ಶಾಸನ ಹೇಳುತ್ತದೆ. ಗುಡಿ ಕಟ್ಟಿಸಿದವರ ಹೆಸರು ಉಳಿಯುವುದು ಎಲ್ಲೆಡೆ ಉಂಟು. ಕಟ್ಟಿದವರ ಹೆಸರು ಬಾಗಿಲಲ್ಲಿ ಉಳಿಯುವುದು ಅಪರೂಪ. ಕುಶಲಕರ್ಮಿಗೆ ಬಹಿರಂಗ ಮನ್ನಣೆ ಕೊಡುವುದು, ಹಿಂದಿನವರು ಕೊಟ್ಟ ಮಾತನ್ನು ಲಿಖಿತವಾಗಿ ಉಳಿಸಿಕೊಳ್ಳುವುದು: ಒಂದು ಸಂಸ್ಥೆಯನ್ನು ನಡೆಸಬಲ್ಲವರು ಮಾಡುವ ಕೆಲಸಗಳಿವು. ಇಂದಿನ ಕಂಪನಿಗಳಲ್ಲಿ ದೊಡ್ಡ ಹುದ್ದೆಗೇರಿದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಅಕ್ಕತಂಗಿಯರು ಹುಟ್ಟಿದ್ದು ಕನ್ನಡ ನೆಲದ ಅರಸುಮನೆತನದಲ್ಲಿ ಅಲ್ಲ. ಅವರು ಉತ್ತರದ ಹೈಹಯ ವಂಶದವರೆಂದು ಪಟ್ಟದಕಲ್ಲಿನ ಒಂದು ಕಂಬದ ಶಾಸನ ತಿಳಿಸುತ್ತದೆ. 754ರ ಆ ಕಂಬ ತ್ರೈಲೋಕ್ಯಮಹಾದೇವಿಯ ಮಗ ಎರಡನೆಯ ಕೀರ್ತಿವರ್ಮನ ಕಾಲದ್ದು. ಅದನ್ನು ನಿಲ್ಲಿಸಿದವನು ಗಂಗೆಯ ಉತ್ತರ ದಂಡೆಯ ನಾಡಿನಿಂದ ಬಂದು ಇಲ್ಲಿ ನೆಲೆಸಿದ್ದ ಜ್ಞಾನಶಿವಾಚಾರ್ಯ. ಒಂದೇ ಪಾಠವನ್ನು ಅದರಲ್ಲಿ ಎರಡು ಲಿಪಿಗಳಲ್ಲಿ ಕೊರೆಯಲಾಗಿದೆ: ಒಂದು ಉತ್ತರದ ಸಿದ್ಧಮಾತೃಕೆ, ಇನ್ನೊಂದು ಅಂದಿನ ಕನ್ನಡ ಲಿಪಿ. ಎರಡು ನಾಡಿನವರೂ ಓದಲಿ ಎಂಬ ಉದ್ದೇಶವಿಲ್ಲದೆ ಇಂಥ ಕೆಲಸ ನಡೆಯುವುದಿಲ್ಲ. ಉತ್ತರದ ಸೊಸೆಯರು, ಉತ್ತರದ ಆಚಾರ್ಯ, ಕಂಚಿಯ ಗುಡಿಯ ಪ್ರಭಾವ, ಕನ್ನಡದ ಸೂತ್ರಧಾರಿಗಳು ಎಲ್ಲವೂ ಒಂದೆಡೆ ಕೂಡಿದ್ದವು. ಈ ಕೂಟದ ನಡುವೆ ಹಣ ಮತ್ತು ಆಜ್ಞೆ ಎರಡನ್ನೂ ಹಿಡಿದು ಇಬ್ಬರು ರಾಣಿಯರಿದ್ದರು.

753ರ ಹೊತ್ತಿಗೆ ದಂತಿದುರ್ಗ ಚಾಲುಕ್ಯರನ್ನು ಮಣಿಸಿದ. ಅವನ ನಂತರ ಪಟ್ಟಕ್ಕೆ ಬಂದ ಚಿಕ್ಕಪ್ಪ ಕೃಷ್ಣನ ಕಾಲದಲ್ಲಿ ಏಲಾಪುರದಲ್ಲಿ, ಎಂದರೆ ಇಂದಿನ ವೇರೂಳಿನಲ್ಲಿ, ಕೈಲಾಸ ಮೂಡಿತು. ರಾಷ್ಟ್ರಕೂಟರ ಗುಜರಾತ್ ಶಾಖೆಯ ಕರ್ಕನ ಬಡೋದೆಯ ತಾಮ್ರಪಟ ಈ ಗುಡಿಯನ್ನು ಹೊಗಳುತ್ತ, ಕಟ್ಟಿದ ಶಿಲ್ಪಿಯೇ ತನ್ನ ಕೆಲಸ ಕಂಡು ಬೆರಗಾದನೆಂದು ಹೇಳುತ್ತದೆ. ಆದರೆ ಅವನ ಹೆಸರನ್ನು ಹೇಳುವುದಿಲ್ಲ. ಲೋಕಮಹಾದೇವಿ ಗುಂಡನಿಗೆ ಕೊಟ್ಟ ಮನ್ನಣೆಯ ಬೆಲೆ ಇಲ್ಲಿ ತಿಳಿಯುತ್ತದೆ. ಅರಸುಮನೆತನ ಬದಲಾದರೂ ಕಟ್ಟುವ ಕ್ರಮ ಒಂದು ತಲೆಮಾರಿನೊಳಗೆ ಮಲಪ್ರಭೆಯಿಂದ ಗೋದಾವರಿಯ ಆಚೆಗೆ ದಾಟಿತು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಮುಂದೆ ‘ಕವಿರಾಜಮಾರ್ಗ’ ಗೆರೆ ಎಳೆಯಿತಷ್ಟೆ. ವೇರೂಳು ಆ ಗೆರೆಯಿಂದ ತುಸು ಉತ್ತರಕ್ಕಿದೆ. ರಾಣಿಯರು ಮತ್ತು ಶಿಲ್ಪಿಗಳು ಆ ಗೆರೆಗಾಗಿ ಕಾದಿರಲಿಲ್ಲ.

ಕೃಷ್ಣನ ಸೊಸೆಯ ಕಾಲಕ್ಕೆ ಬಂದರೆ ದಾಖಲೆ ಇನ್ನೂ ಸ್ಪಷ್ಟವಾಗುತ್ತದೆ. ಧ್ರುವನ ರಾಣಿ ಶೀಲಮಹಾದೇವಿ ವೇಂಗಿಯ ಚಾಲುಕ್ಯ ಅರಸ ವಿಷ್ಣುವರ್ಧನನ ಮಗಳು. 786ರ ಜೇಠವಾಯಿ ತಾಮ್ರಪಟದಲ್ಲಿ ಅವಳು ತನ್ನದೇ ಬಿರುದುಗಳೊಂದಿಗೆ ತಾನೇ ದಾನಶಾಸನ ಹೊರಡಿಸುತ್ತಾಳೆ. ಅವಳ ಮರಿಮೊಮ್ಮಗಳು, ಅಮೋಘವರ್ಷ ನೃಪತುಂಗನ ಮಗಳು ರೇವಕನಿಮ್ಮಡಿ, ಎಡತೊರೆನಾಡನ್ನು ಆಳಿದಳು. ಹತ್ತನೆಯ ಶತಮಾನದ ಮೊದಲಲ್ಲಿ, ಎರಡನೆಯ ಕೃಷ್ಣನ ಆಳಿಕೆಯಲ್ಲಿ, ನಾಗರಖಂಡ 70ರ ನಾಳ್ಗಾವುಂಡ ತೀರಿಕೊಂಡಾಗ ಅವನ ಹೆಂಡತಿ ಜಕ್ಕಿಯಬ್ಬೆಗೆ ಆ ಅಧಿಕಾರ ಬಂತು. ಬಂದಳಿಕೆಯ ಶಾಸನ ಅವಳ ಆಡಳಿತದ ಜಾಣ್ಮೆಯನ್ನು ಹೊಗಳುತ್ತದೆ. ಜಕ್ಕಿಯಬ್ಬೆ ಅರಸುಕುವರಿಯಲ್ಲ, ನಾಡಿನ ಅಧಿಕಾರಿಯ ಮಡದಿ. ಎಂದರೆ ಹೆಣ್ಣು ಆಡಳಿತ ನಡೆಸುವುದು ಅರಮನೆಯ ವಿಶೇಷ ಮಾತ್ರ ಆಗಿರಲಿಲ್ಲ.

ಆದರೂ ಒಂದು ಕೊರತೆ ಉಳಿಯಿತು. ಈ ಹೆಂಗಸರ ಅಧಿಕಾರವೆಲ್ಲ ತಂದೆಯ, ಗಂಡನ, ಮಗನ ಪಟ್ಟಕ್ಕೆ ತಗಲಿಕೊಂಡಿತ್ತು. ಮನೆತನ ಬಿದ್ದರೆ ಅದೂ ಬೀಳುತ್ತಿತ್ತು. ಒಬ್ಬಳು ಕಟ್ಟಿದ ಸಂಬಂಧಗಳ ಬಲೆ ಮುಂದಿನವಳಿಗೆ ಆಸ್ತಿಯಾಗಿ ದಾಟುವ ದಾರಿ ಇರಲಿಲ್ಲ. ಆ ದಾರಿ ತೆರೆದುದು ಸಾವಿರ ವರ್ಷಗಳ ಮೇಲೆ, ವೇರೂಳಿನ ಎರಡನೆಯ ಗುಡಿಯೊಂದಿಗೆ ಹೆಸರು ಸೇರಿಕೊಂಡ ಅತ್ತೆ ಸೊಸೆಯರ ಕಾಲದಲ್ಲಿ.

ಘೃಷ್ಣೇಶ್ವರವನ್ನು ಹಿಂದೊಮ್ಮೆ ಜೀರ್ಣೋದ್ಧಾರ ಮಾಡಿಸಿದವನು ವೇರೂಳಿನ ಪಾಟೀಲ ಮನೆತನದ ಮಾಲೋಜಿ ಭೋಸಲೆ, ಶಿವಾಜಿಯ ಅಜ್ಜ. ಅದು ಮತ್ತೆ ಶಿಥಿಲವಾದಾಗ ಹದಿನೆಂಟನೆಯ ಶತಮಾನದಲ್ಲಿ ಮುಂದೆ ಬಂದವರು ಹೋಳ್ಕರರ ಮನೆಯ ಹೆಂಗಸರು: ಮೊದಲು ಮಲ್ಹಾರರಾವ್ ಹೋಳ್ಕರನ ಹೆಂಡತಿ ಗೌತಮಾಬಾಯಿ, ಆಮೇಲೆ ಸೊಸೆ ಅಹಲ್ಯಾಬಾಯಿ. ಇವರ ಕೈಯಲ್ಲಿದ್ದ ಹಣ ಎಲ್ಲಿಂದ ಬಂತು ಎಂಬುದೇ ಇಲ್ಲಿ ಮುಖ್ಯ. 1734ರ ಜನವರಿಯಲ್ಲಿ ಪೇಶ್ವೆ ಬಾಜಿರಾಯನು ಗೌತಮಾಬಾಯಿಯ ಹೆಸರಿಗೇ ಒಂದು ಜಹಗೀರಿ ಬರೆದುಕೊಟ್ಟ. ವರ್ಷಕ್ಕೆ ಸುಮಾರು ಮೂರು ಲಕ್ಷ ರೂಪಾಯಿ ಹುಟ್ಟುವಳಿಯ ಆ ನೆಲ ಮಾಳವದಲ್ಲೂ ದಖ್ಖನಿನಲ್ಲೂ ಹರಡಿತ್ತು. ಇದಕ್ಕೆ ‘ಖಾಸಗಿ’ ಎಂದು ಹೆಸರು. ಸೈನ್ಯ, ರಾಜ್ಯ, ಕಂದಾಯಗಳ ಲೆಕ್ಕ ‘ದೌಲತ್’. ರಾಣಿಯ ಸ್ವಂತದ ಲೆಕ್ಕ ‘ಖಾಸಗಿ’. ಎರಡೂ ಬೇರೆ ಬೇರೆ ಪುಸ್ತಕಗಳು. ಕನ್ನಡದಲ್ಲಿ ನಾವು ದಿನವೂ ಖಾಸಗಿ ಬಸ್ಸು, ಖಾಸಗಿ ಶಾಲೆ ಎನ್ನುವಾಗ ಬಳಸುವುದು ಇದೇ ಮಾತನ್ನು. ಅದು ಒಂದು ಕಾಲದಲ್ಲಿ ಹೆಣ್ಣಿನ ಕೈಯ ಖಜಾನೆಯ ಹೆಸರಾಗಿತ್ತೆಂಬುದು ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

1761ರಲ್ಲಿ ಗೌತಮಾಬಾಯಿ ತೀರಿಕೊಂಡ ಮೇಲೆ ಖಾಸಗಿ ಅಹಲ್ಯಾಬಾಯಿಯ ಕೈಗೆ ಬಂತು. ಅಹಲ್ಯಾಬಾಯಿ ಹುಟ್ಟಿದ್ದು 1725ರಲ್ಲಿ, ಇಂದಿನ ಅಹಿಲ್ಯಾನಗರ ಜಿಲ್ಲೆಯ ಚೌಂಡಿಯಲ್ಲಿ. ಗಂಡ ಖಂಡೇರಾವ್ 1754ರಲ್ಲಿ ಕುಂಭೇರಿಯ ಮುತ್ತಿಗೆಯಲ್ಲಿ ಸತ್ತ. ಮಾವ 1766ರಲ್ಲಿ, ಮಗ ಮಾಲೇರಾವ್ 1767ರಲ್ಲಿ ತೀರಿಕೊಂಡರು. ಮನೆಯ ದಿವಾನ ಗಂಗಾಧರ ಯಶವಂತನು ದತ್ತು ಮಗುವೊಂದನ್ನು ಗಾದಿಗೆ ಕೂಡಿಸುವ ಹೂಟ ಹೂಡಿ ಪೇಶ್ವೆಯ ಚಿಕ್ಕಪ್ಪ ರಘುನಾಥರಾಯನನ್ನು ಕರೆದ. ಅಹಲ್ಯಾಬಾಯಿ ಅಳುತ್ತ ಕೂರಲಿಲ್ಲ. ಶಿಂದೆ, ಭೋಸಲೆ, ಗಾಯಕವಾಡರಿಗೂ ಪುಣೆಯ ಮಾಧವರಾಯ ಪೇಶ್ವೆಗೂ ಕಾಗದಗಳು ಹೋದವು. ಬೆಂಬಲ ಕೂಡಿತು, ರಘುನಾಥರಾಯ ಕಾದದೆ ಹಿಂದಿರುಗಿದ. ಸೈನ್ಯದ ಹೊಣೆಯನ್ನು ಮನೆತನದ ತುಕೋಜಿ ಹೋಳ್ಕರನಿಗೆ ಒಪ್ಪಿಸಿ, ಆಡಳಿತವನ್ನೂ ಲೆಕ್ಕವನ್ನೂ ತಾನೇ ಇಟ್ಟುಕೊಂಡು, ನರ್ಮದೆಯ ದಂಡೆಯ ಮಹೇಶ್ವರದಿಂದ 1795ರವರೆಗೆ ಅವಳು ಆಳಿದಳು. ಹೈಹಯರ ಪುರಾಣಪ್ರಸಿದ್ಧ ರಾಜಧಾನಿ ಮಾಹಿಷ್ಮತಿಯನ್ನು ಇದೇ ಮಹೇಶ್ವರವೆಂದು ಅನೇಕರು ಗುರುತಿಸುತ್ತಾರೆ. ಹಾಗಿದ್ದರೆ ಲೋಕಮಹಾದೇವಿಯ ಕುಲದ ಹಳೆಯ ಊರಿನಿಂದಲೇ ಅಹಲ್ಯಾಬಾಯಿ ವೇರೂಳಿಗೆ ಹಣ ಕಳಿಸಿದಳು.

ಅವಳ ಕಟ್ಟಡಗಳ ಪಟ್ಟಿಯನ್ನು ಶಾಲೆಯ ಪುಸ್ತಕಗಳು ಹೇಳುತ್ತವೆ: ಕಾಶಿ ವಿಶ್ವನಾಥ, ಗಯೆಯ ವಿಷ್ಣುಪಾದ, ಸೋಮನಾಥ, ನಾಸಿಕ ಜಿಲ್ಲೆಯ ಚಾಂದವಡದಲ್ಲಿ ರಂಗಮಹಲು ಮತ್ತು ರೇಣುಕಾದೇವಿಯ ಗುಡಿ, ವೇರೂಳಿನಲ್ಲಿ ಘೃಷ್ಣೇಶ್ವರದ ಹತ್ತಿರ ಮೆಟ್ಟಿಲುಗಳೂ ಕಿರುಗುಡಿಗಳೂ ಇರುವ ಶಿವಾಲಯ ತೀರ್ಥ. ಪಟ್ಟಿಯನ್ನು ಓದಿ ಕೈಮುಗಿದು ಮುಂದೆ ಹೋಗುವುದು ಸುಲಭ. ನಾವು ಗಮನಿಸಬೇಕಾದುದು ಈ ಊರುಗಳಲ್ಲಿ ಬಹುಪಾಲು ಹೋಳ್ಕರರ ಆಳಿಕೆಗೆ ಒಳಪಟ್ಟಿರಲಿಲ್ಲ ಎಂಬುದನ್ನು. ವೇರೂಳಿನ ಸುತ್ತಲ ಸೀಮೆಯೇ ಮರಾಠರ ಮತ್ತು ನಿಜಾಮರ ಹಕ್ಕುಗಳು ಹೆಣೆದುಕೊಂಡ ಗಡಿ. ಪರರಾಜ್ಯದಲ್ಲಿ ನೆಲ ಪಡೆಯಬೇಕು, ಅಲ್ಲಿನ ಅಧಿಕಾರಿಯ ಒಪ್ಪಿಗೆ ಬೇಕು, ಕಲ್ಲು ಸಾಗಬೇಕು, ಶಿಲ್ಪಿಗಳಿಗೆ ಕೂಲಿ ಸಲ್ಲಬೇಕು, ಕಟ್ಟಿದ ಮೇಲೆ ದೀಪಕ್ಕೂ ನೈವೇದ್ಯಕ್ಕೂ ವರ್ಷವರ್ಷವೂ ಹಣ ಹೋಗಬೇಕು. ಹುಂಡಿ ಬರೆಯುವ ಸಾಹುಕಾರರು, ಕಾಗದ ಒಯ್ಯುವ ಜಾಸೂದರು, ನಂಬಿಕಸ್ತ ಗುಮಾಸ್ತರು ಇಲ್ಲದೆ ಇದು ಸಾಗದು. ಜಾನ್ ಮಾಲ್ಕಮ್ 1823ರಲ್ಲಿ ಪ್ರಕಟಿಸಿದ ಮಧ್ಯಭಾರತದ ವೃತ್ತಾಂತದಲ್ಲಿ ಅವಳ ವಕೀಲರು ಪುಣೆ, ಹೈದರಾಬಾದ್, ನಾಗಪುರ, ಲಖನೌ, ಕಲ್ಕತ್ತೆಗಳಲ್ಲಿ ಇದ್ದುದನ್ನು ಹೇಳುತ್ತಾನೆ; ಆ ಸಾಲಿನಲ್ಲಿ ನಮ್ಮ ಶ್ರೀರಂಗಪಟ್ಟಣವೂ ಇದೆ. ದಕ್ಷಿಣದ ಗುಡಿಗಳಿಗೆ ಅವಳು ಗಂಗಾಜಲ ಕಳಿಸುತ್ತಿದ್ದುದನ್ನೂ ಅವನು ದಾಖಲಿಸಿದ್ದಾನೆ. ಗಂಗೆಯಿಂದ ದಕ್ಷಿಣಕ್ಕೆ ತಪ್ಪದೆ ನೀರು ತಲುಪಿಸುವ ವ್ಯವಸ್ಥೆಯನ್ನು ಭಕ್ತಿ ಎನ್ನಬಹುದು. ಅದು ನಾಲ್ಕಾರು ರಾಜ್ಯಗಳ ಸುಂಕದಕಟ್ಟೆಗಳನ್ನು ದಾಟುವ ವ್ಯವಹಾರವೂ ಹೌದು.

ಇದನ್ನೆಲ್ಲ ಬರೆಯುವಾಗ ಹೊಗಳಿಕೆಯ ಹೊಳೆಯಲ್ಲಿ ತೇಲಿಹೋಗಬಾರದು. ಖಾಸಗಿಯ ಮೂರು ಲಕ್ಷ ಹುಟ್ಟಿದ್ದು ಹಳ್ಳಿಗರ ಬೆವರಿನಲ್ಲಿ. ವಿರೂಪಾಕ್ಷ ಎದ್ದದ್ದು ಕಂಚಿಯ ಮೇಲಿನ ದಂಡಯಾತ್ರೆಯ ನೆನಪಿಗೆ. ಹಣದ ಮೂಲ ಗಂಡಸರದಾದರೂ ಹೆಂಗಸರದಾದರೂ ರಾಜ್ಯದ ಹಣವೇ. ಆದರೆ ಹಣ ಕೈಗೆ ಬಂದ ಮೇಲೆ ಅದನ್ನು ಏನು ಮಾಡಿದರು, ಅದು ಎಷ್ಟು ಕಾಲ ಬಾಳಿತು ಎಂಬುದನ್ನು ತೂಗಿ ನೋಡಲು ನಮಗೆ ಅಡ್ಡಿಯಿಲ್ಲ.

ತೂಗಿ ನೋಡಿದರೆ ತಿಳಿಯುವುದು ಇದು. 1818ರ ಜನವರಿಯಲ್ಲಿ ಮಂದಸೋರ್ ಒಪ್ಪಂದಕ್ಕೆ ಸಹಿ ಹಾಕಿ ಹೋಳ್ಕರರು ಸಾತ್ಪುಡಾ ಬೆಟ್ಟಗಳ ದಕ್ಷಿಣದ ತಮ್ಮ ನೆಲವನ್ನೆಲ್ಲ ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಮುಂದೆ ವೇರೂಳು 1948ರವರೆಗೆ ನಿಜಾಮರ ರಾಜ್ಯದಲ್ಲಿತ್ತು. ದೌಲತ್ತು ದಖ್ಖನಿನಿಂದ ಅಳಿಸಿಹೋಯಿತು; ಖಾಸಗಿ ಅಳಿಯಲಿಲ್ಲ. ಗುಡಿ, ಘಾಟು, ಛತ್ರಗಳ ಹೊಣೆ ಅತ್ತೆಯಿಂದ ಸೊಸೆಗೆ ದಾಟುತ್ತ ಸ್ವತಂತ್ರ ಭಾರತದವರೆಗೆ ಬಂತು. 1962ರಲ್ಲಿ ಅದಕ್ಕೆ ಒಂದು ಟ್ರಸ್ಟಿನ ರೂಪ ಬಂತು. ಅದರ ಆಸ್ತಿಗಳ ಮಾರಾಟದ ಬಗ್ಗೆ ತಕರಾರು ಎದ್ದು, 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಟ್ರಸ್ಟು ಮಧ್ಯಪ್ರದೇಶದ ಸಾರ್ವಜನಿಕ ನ್ಯಾಸಗಳ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕೆಂದು ಹೇಳಿತು. 1734ರಲ್ಲಿ ಒಬ್ಬ ಹೆಂಗಸಿನ ಹೆಸರಿಗೆ ಬರೆದ ಸನದಿನಿಂದ ಹುಟ್ಟಿದ ಆಸ್ತಿಯ ಲೆಕ್ಕ 288 ವರ್ಷಗಳ ಮೇಲೂ ನ್ಯಾಯಾಲಯದಲ್ಲಿ ಜೀವಂತವಾಗಿತ್ತು. ಅವಳ ಗಂಡನ ಕತ್ತಿ ಗೆದ್ದ ಎಷ್ಟೋ ಪರಗಣೆಗಳು ಅಷ್ಟು ಕಾಲ ಮನೆತನದಲ್ಲಿ ಉಳಿಯಲಿಲ್ಲ.

ಬಲೆಯ ಇನ್ನೊಂದು ಎಳೆಯೂ ತುಂಡಾಗಲಿಲ್ಲ. ಅಹಲ್ಯಾಬಾಯಿ ಮಹೇಶ್ವರಕ್ಕೆ ನೇಕಾರರನ್ನು ಕರೆಸಿ ನೆಲೆಗೊಳಿಸಿದ್ದಳು. ಮಹೇಶ್ವರಿ ಸೀರೆ ಅವರ ಮಗ್ಗದ್ದು. ಆ ಮಗ್ಗಗಳು ಸೊರಗಿದ್ದಾಗ, 1970ರ ದಶಕದ ಕೊನೆಯಲ್ಲಿ, ಹೋಳ್ಕರ್ ಮನೆತನದ ರಿಚರ್ಡ್ ಹೋಳ್ಕರರೂ ಅಮೆರಿಕದಲ್ಲಿ ಹುಟ್ಟಿ ಈ ಮನೆಗೆ ಸೊಸೆಯಾಗಿ ಬಂದ ಸ್ಯಾಲಿ ಹೋಳ್ಕರರೂ ರೆಹ್ವಾ ಸಂಸ್ಥೆಯನ್ನು ಕಟ್ಟಿದರು. ಮುಂದೆ ಸ್ಯಾಲಿ ಹೋಳ್ಕರರು ಮಹೇಶ್ವರದಲ್ಲೇ ವಿಮೆನ್‌ವೀವ್ ಎಂಬ ಇನ್ನೊಂದು ಸಂಸ್ಥೆಯನ್ನು ನಿಲ್ಲಿಸಿದರು. ಹೈಹಯದಿಂದ ಬಾದಾಮಿಗೆ, ವೇಂಗಿಯಿಂದ ರಾಷ್ಟ್ರಕೂಟರ ಅರಮನೆಗೆ, ಚೌಂಡಿಯಿಂದ ಮಹೇಶ್ವರಕ್ಕೆ, ಈಗ ಅಮೆರಿಕದಿಂದ ನರ್ಮದೆಯ ದಂಡೆಗೆ: ಮದುವೆಯಾಗಿ ಬಂದ ಹೆಣ್ಣು ಎರಡು ನಾಡುಗಳ ಪರಿಚಯವನ್ನು ಕಸುಬಿನ ಬಂಡವಾಳವಾಗಿ ಮಾಡಿಕೊಂಡ ಕಥೆ ಮತ್ತೆ ಮತ್ತೆ ನಡೆದಿದೆ.

ಇಷ್ಟಾದರೂ ಇತಿಹಾಸ ಇವರಿಗೆ ಕೊಟ್ಟ ಹೆಸರುಗಳೇನು? ಅಹಲ್ಯಾಬಾಯಿ ‘ಪುಣ್ಯಶ್ಲೋಕಿ’. ಲೋಕಮಹಾದೇವಿ ಗಂಡನ ಗೆಲುವನ್ನು ಕೊಂಡಾಡಿದ ಸತಿ. ಜಕ್ಕಿಯಬ್ಬೆ ಜಿನಭಕ್ತೆ. ಯಾವುದೂ ಸುಳ್ಳಲ್ಲ. ಆದರೆ ಪುಣ್ಯದ ಮಾತು ಎದ್ದ ಕೂಡಲೇ ಲೆಕ್ಕದ ಮಾತು ಅಡಗುತ್ತದೆ. ಅರಸ ಕೆರೆ ಕಟ್ಟಿಸಿದರೆ ಅದು ಆಡಳಿತ, ಅರಸಿ ಕಟ್ಟಿಸಿದರೆ ದಾನ ಎಂಬ ಪದಪ್ರಯೋಗ ನಮ್ಮ ಪಠ್ಯಗಳಲ್ಲಿ ಬೇರೂರಿದೆ. ಅದರಿಂದ ಆಗುವ ನಷ್ಟ ಇಷ್ಟೇ ಅಲ್ಲ. ದಾನವೆಂದು ಬರೆದಿಟ್ಟರೆ ಮುಂದಿನವಳು ಕಲಿಯುವುದು ಕೈ ನೀಡುವುದನ್ನು. ಆಡಳಿತವೆಂದು ಬರೆದಿಟ್ಟರೆ ಅವಳು ಕಲಿಯುವುದು ಬೇರೆ ಖಾತೆ ತೆರೆಯುವುದನ್ನು, ವಕೀಲರನ್ನು ನಿಲ್ಲಿಸುವುದನ್ನು, ಹಿಂದಿನವರ ಮಾತನ್ನು ಲಿಖಿತದಲ್ಲಿ ಉಳಿಸುವುದನ್ನು.

ಹೊರನಾಡಿನ ಕನ್ನಡಿಗರಾದ ನಮಗೆ ಇದು ದೂರದ ವಿಷಯವೂ ಅಲ್ಲ. ಪರನಾಡಿನ ಕನ್ನಡ ಸಂಘಗಳಲ್ಲಿ ಸಭಾಭವನಕ್ಕೆ ಹಣ ಕೂಡಿಸಿದವರು, ನಾಟಕದ ತಂಡಕ್ಕೆ ಊರಿನಿಂದ ರೈಲು ಟಿಕೇಟು ಮಾಡಿಸಿದವರು, ಸ್ಥಳೀಯ ನಗರಸಭೆಯವರೊಂದಿಗೆ ಅವರ ಭಾಷೆಯಲ್ಲೇ ಮಾತಾಡಿ ಪರವಾನಗಿ ತಂದವರು ಎಷ್ಟೋ ಸಲ ಹೆಂಗಸರು. ಸ್ಮರಣ ಸಂಚಿಕೆಗಳಲ್ಲಿ ಅವರು ದೀಪ ಬೆಳಗಿದವರಾಗಿ, ಉಪಾಹಾರದ ವ್ಯವಸ್ಥೆ ನೋಡಿಕೊಂಡವರಾಗಿ ಕಾಣಿಸಿಕೊಳ್ಳುತ್ತಾರೆ. ಅವರ ರಸೀದಿ ಪುಸ್ತಕಗಳು, ಕಾಗದಗಳ ಕಟ್ಟುಗಳು, ನಡಾವಳಿಯ ನಕಲುಗಳು ಇನ್ನೂ ಮನೆಗಳ ಅಟ್ಟದಲ್ಲಿವೆ. ಅವನ್ನು ಇಳಿಸಿ, ತೇದಿ ಹಚ್ಚಿ, ಅವರ ಹೆಸರಿನೊಂದಿಗೆ ಅವರು ಮಾಡಿದ ಕೆಲಸವನ್ನೂ ಬರೆದಿಡುವ ಹೊಣೆ ನಮ್ಮ ತಲೆಮಾರಿನದು. ಮಾಣಿಕಾವತಿಯ ಉಪವಾಸದ ಕಥೆಯನ್ನು ಮಕ್ಕಳಿಗೆ ಹೇಳುವುದರಲ್ಲಿ ತಪ್ಪಿಲ್ಲ. ಅದರ ಜೊತೆಗೆ, ಪಟ್ಟದಕಲ್ಲಿನಲ್ಲಿ ಶಿಲ್ಪಿಯ ಹೆಸರು ಬಾಗಿಲ ಮೇಲೆ ಉಳಿದದ್ದನ್ನೂ, ಗೌತಮಾಬಾಯಿ ಎಂಬವಳು ತನ್ನ ಲೆಕ್ಕವನ್ನು ಬೇರೆ ಪುಸ್ತಕದಲ್ಲಿ ಬರೆಸಿದ್ದನ್ನೂ ಹೇಳಿದರೆ, ಆ ಎರಡು ಗುಡಿಗಳನ್ನು ಅವರು ಪೂರ್ತಿಯಾಗಿ ನೋಡಿಯಾರು.